ಗಾಸ್ಪೆಲ್ ಹಾಡಿಗೆ ಪ್ರಾಂಪ್ಟ್ ಬರೆಯುವ ಮುನ್ನ

ಬೆಂಗಳೂರಿನ ಕನ್ನಡ ಕ್ರೈಸ್ತ ಸಭೆಗಳ ಯುವಕ ಯುವತಿಯರು ಸುನೋ, ಯುಡಿಯೊದಂತಹ ಹಾಡು ಕಟ್ಟಿಕೊಡುವ ಎಐ ತಾಣಗಳಲ್ಲಿ ಗಾಸ್ಪೆಲ್ ಹಾಡುಗಳನ್ನು, ಅಂದರೆ ಕಪ್ಪು ಅಮೆರಿಕನ್ನರ ಚರ್ಚುಗಳಲ್ಲಿ ಬೆಳೆದ ಬಗೆಯ ಭಕ್ತಿಗೀತೆಗಳನ್ನು, ಸಿದ್ಧಪಡಿಸಿ, ಶಿಕಾಗೊದಲ್ಲಿರುವ ನನಗೂ ಕಳುಹಿಸುತ್ತಾರೆ. ಅವರು ಯಂತ್ರಕ್ಕೆ ಬರೆದುಕೊಡುವ ಸೂಚನೆ, ಅಂದರೆ ಪ್ರಾಂಪ್ಟ್, ಬಹುಮಟ್ಟಿಗೆ ಒಂದೇ ಬಗೆಯದು: ಕಪ್ಪು ಅಮೆರಿಕನ್ನರ ಚರ್ಚಿನ ಕ್ವಾಯರ್ (ಗಾಯನವೃಂದ), ಹ್ಯಾಮಂಡ್ ಆರ್ಗನ್, ಚಪ್ಪಾಳೆ, ಭಾವ ತುಂಬಿದ ಹೆಣ್ಣುದನಿ. ಹಾಡು ಇಂಪಾಗಿಯೇ ಇರುತ್ತದೆ; ಆದರೆ ಹ್ರಸ್ವ ಸ್ವರಗಳು ಎಳೆದಾಡಿ ದೀರ್ಘವಾಗುತ್ತವೆ, ಳಕಾರ ಲಕಾರವಾಗುತ್ತದೆ, ಪದದ ನಡುವೆಯೇ ತಾಳದ ಪೆಟ್ಟು ಬೀಳುತ್ತದೆ. ಯಂತ್ರಕ್ಕೆ ಕನ್ನಡ ಇನ್ನೂ ಚೆನ್ನಾಗಿ ಬಾರದು ಎಂಬುದು ಒಂದು ಕಾರಣವಷ್ಟೇ. ಬೇರೊಂದು ಊರಿನ ಹಾಡನ್ನು ಬೇಡಿ ಪಡೆದು, ಅದಕ್ಕೆ ಕನ್ನಡದ ಸಾಲುಗಳನ್ನು ತೊಡಿಸುತ್ತಿರುವುದೇ ದೊಡ್ಡ ಕಾರಣವೆಂದು ನನಗೆ ದೃಢವಾಗಿ ಅನಿಸುತ್ತದೆ.

ಆ ಊರಾದ ಶಿಕಾಗೊದಲ್ಲಿ ಹಾಡು ಹುಟ್ಟಿದ ಬಗೆಯನ್ನು ಗಮನಿಸಬೇಕು. ಬ್ಲೂಸ್ ಪಿಯಾನೊ ವಾದಕರಾಗಿದ್ದ ಥಾಮಸ್ ಡಾರ್ಸಿ 1932ರಲ್ಲಿ ಇಲ್ಲಿನ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚಿನ ಗಾಸ್ಪೆಲ್ ಕ್ವಾಯರಿನ ಹೊಣೆ ಹೊತ್ತಾಗ, ದಕ್ಷಿಣದ ರಾಜ್ಯಗಳಿಂದ ದುಡಿಮೆಗಾಗಿ ವಲಸೆ ಬಂದಿದ್ದ ತಮ್ಮ ಜನರ ಲಯವನ್ನೇ ಆರಾಧನೆಯೊಳಗೆ ತಂದರು. ಅದು ಲೌಕಿಕ ಸಂಗೀತವೆಂದು ಮೊದಲಿಗೆ ತಿರಸ್ಕರಿಸಿದ ಸಭೆಗಳೂ ಇದ್ದವು. ಇಂದಿಗೂ ಇಲ್ಲಿ ಹಾಡಿಗೆ ಗೊತ್ತಾದ ಉದ್ದವಿಲ್ಲ. ಮುಂದಾಳು ಗಾಯಕಿಯ ಸಾಲಿಗೆ ಕ್ವಾಯರ್ ಉತ್ತರ ಕೊಡುತ್ತದೆ, ಜನ ಎದ್ದು ನಿಂತರೆ ಆರ್ಗನ್ ನುಡಿಸುವವರು ಕಡೆಯ ಸಾಲಿಗೆ ಮತ್ತೆ ಮತ್ತೆ ಮರಳುತ್ತಾರೆ.

1904ರ ಹಡ್ಸನ್ ಸ್ಮಾರಕ ಚರ್ಚಿನಂತಹ ಹಳೆಯ ಕನ್ನಡ ಸಭೆಗಳಿರುವ ಬೆಂಗಳೂರಿನಲ್ಲಿ ನಾನು ಕಲಿತ ಕ್ರಮ ಬೇರೆ. ಪುಸ್ತಕ ತೆರೆದು, ಚರಣಗಳನ್ನು ಒಂದಾದ ಮೇಲೊಂದರಂತೆ ಎಲ್ಲರೂ ಒಟ್ಟಿಗೆ ಹಾಡುತ್ತೇವೆ. ಆದರೆ ಮನೆಯ ಪ್ರಾರ್ಥನಾ ಕೂಟದಲ್ಲಿ ಹಾರ್ಮೋನಿಯಂ, ತಬಲಾ ಜೊತೆಗೆ ಭಜನೆ ಆರಂಭವಾದರೆ ಒಬ್ಬರು ಹೇಳಿದ್ದನ್ನು ಉಳಿದವರು ಎತ್ತಿಕೊಳ್ಳುತ್ತಾರೆ. ಶಿಕಾಗೊದ ಸವಾಲು ಜವಾಬಿಗೆ ನಮ್ಮಲ್ಲಿ ಹತ್ತಿರವಾದದ್ದು ಈ ಭಜನೆಯೇ ಹೊರತು ಪುಸ್ತಕದ ಕೀರ್ತನೆಯಲ್ಲ. ಪ್ರಾಂಪ್ಟಿನಲ್ಲಿ ಮೊದಲು ಬರಬೇಕಾದದ್ದೂ ಆ ಭಜನೆಯೇ.

ಹೊರಗಿನಿಂದ ಬಂದ ಫರ್ಡಿನೆಂಡ್ ಕಿಟೆಲ್ 1862ರ ಕಥಾಮಾಲೆಯಲ್ಲಿ ಕ್ರಿಸ್ತನ ಚರಿತೆಯನ್ನು ಹೇಳಲು ಕನ್ನಡದ ಛಂದಸ್ಸನ್ನೇ ಹಿಡಿದರು, ಮುಂದೆ 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವಾದ ಛಂದೋಂಬುಧಿಯನ್ನೂ ಸಂಪಾದಿಸಿದರು. ಆ ದಾರಿ ಇಂದಿಗೂ ತೆರೆದಿದೆ. ನಿಧಾನಗತಿಯ ಗಾಸ್ಪೆಲ್ ಹಾಡುಗಳು ಹಲವೊಮ್ಮೆ 12/8ರ ತಾಳದಲ್ಲಿರುತ್ತವೆ, ಅಂದರೆ ನಾಲ್ಕು ಪೆಟ್ಟು, ಪೆಟ್ಟಿಗೆ ಮೂರು ಎಣಿಕೆ. ಆರು ಸಾಲುಗಳ ಪದ್ಯಜಾತಿಯಾದ ನಮ್ಮ ಭೋಗ ಷಟ್ಪದಿಯ ಒಂದು, ಎರಡು, ನಾಲ್ಕು ಮತ್ತು ಐದನೆಯ ಸಾಲುಗಳಲ್ಲಿ ಮೂರು ಮಾತ್ರೆಯ ನಾಲ್ಕು ಗಣಗಳಿವೆ; ಲೆಕ್ಕ ಅಕ್ಷರಶಃ ಕೂಡಿಬರುತ್ತದೆ. ಹೀಗೆ ಮಾತ್ರೆ ಎಣಿಸಿ ಬರೆದ ಸಾಲುಗಳನ್ನು ಕೊಟ್ಟಾಗ ಯಂತ್ರ ಪದಗಳನ್ನು ಒಡೆಯುವುದು ಬಹಳ ಕಡಿಮೆಯಾಗುತ್ತದೆ ಎಂಬುದು ನನ್ನ ಅನುಭವ. ಆಫ್ರಿಕನ್ ಅಮೆರಿಕನ್ನರ ಹಳೆಯ ಭಕ್ತಿಗೀತೆಗಳಲ್ಲಿ ಐದು ಸ್ವರಗಳ ಧಾಟಿಗಳು ಹೇರಳವಾಗಿವೆ, ನಮ್ಮ ಮೋಹನವೂ ಐದು ಸ್ವರಗಳ ರಾಗ. ಆದರೆ ಮೋಹನ ಎಂದಷ್ಟೇ ಬರೆದರೆ ತಾಣವು ಕೊಳಲು, ತಂಬೂರಿ ಹಾಕಿ ಸುಮ್ಮನಾಗುವುದುಂಟು; ಐದೇ ಸ್ವರ, ಹಾರ್ಮೋನಿಯಂ, ಢೋಲಕ್, ನಿಮಿಷಕ್ಕೆ 65 ಪೆಟ್ಟು ಎಂದು ಬಿಡಿಸಿ ಹೇಳುವುದು ಲೇಸು. ಸಾಹಿತ್ಯದಲ್ಲಿ ಚೌಕ ಆವರಣದೊಳಗೆ ಒಂಟಿ ದನಿ ಎಲ್ಲಿ, ವೃಂದದ ಮರುನುಡಿ ಎಲ್ಲಿ ಎಂಬುದನ್ನೂ ಗುರುತಿಸಬೇಕು.

ಅನುಮತಿಯಿಲ್ಲದೆ ತಮ್ಮ ಧ್ವನಿಮುದ್ರಿಕೆಗಳಿಂದ ಕಲಿತಿವೆ ಎಂದು ಅಮೆರಿಕದ ದೊಡ್ಡ ಸಂಗೀತ ಕಂಪನಿಗಳು 2024ರ ಜೂನಿನಲ್ಲಿ ಈ ಎರಡೂ ತಾಣಗಳ ಮೇಲೆ ದಾವೆ ಹೂಡಿದ್ದವು. ಕಪ್ಪು ಗಾಯಕಿಯರ ದನಿಯನ್ನು ಸುಲಭವಾಗಿ ಬೇಡುವಾಗ ಇದು ನಮ್ಮ ನೆನಪಿನಲ್ಲಿರಬೇಕು.

ಯಂತ್ರ ಕೊಟ್ಟ ಹಾಡನ್ನು ಭಾನುವಾರ ಧ್ವನಿವರ್ಧಕದಲ್ಲಿ ಹಾಕುವುದನ್ನು ನಾನು ಒಪ್ಪಲಾರೆ, ಏಕೆಂದರೆ ಅದು ಸಭೆಯ ಕಡೆ ನೋಡಿ ನಿಲ್ಲಲಾರದು, ಮರಳಲಾರದು. ಅಭ್ಯಾಸದ ಕರಡಾಗಿ ಅದು ಬಹಳ ಉಪಯುಕ್ತ. ಬರುವ ಡಿಸೆಂಬರಿನ ಕ್ಯಾರಲ್ ಸುತ್ತಾಟಕ್ಕೆ ಬೆಂಗಳೂರಿನ ಯಾವುದಾದರೊಂದು ಕ್ವಾಯರ್ ಇಂತಹ ಒಂದು ಕರಡನ್ನು ಆರಿಸಿಕೊಂಡು, ತಮ್ಮ ಗಾಯಕರ ಶ್ರುತಿಗೆ ಇಳಿಸಿ, ಸೊಟ್ಟಾದ ಉಚ್ಚಾರಗಳನ್ನು ತಿದ್ದಿ, ತಾವೇ ಮನೆಮನೆಯಲ್ಲಿ ಹಾಡಬೇಕೆಂದು ಕೇಳಿಕೊಳ್ಳುತ್ತೇನೆ; ಸಾಹಿತ್ಯ ಬರೆದುಕೊಡಲು ನಾನು ಸಿದ್ಧನಿದ್ದೇನೆ.