ಸನ್ ಫಿಲ್ಮ್ ಒಳಗಿನ ಕಸ ರಸ್ತೆಯಿಂದ ಹಾರಿ ಬಂದದ್ದಲ್ಲ

ಈಗಷ್ಟೇ ಒಂದು ಕಾರು ನೋಡಿ ಬಂದೆ. ಹೊಸ ಗಾಡಿ, ನಿನ್ನೆ ಗಾಜಿಗೆ ಸನ್ ಫಿಲ್ಮ್ (ಬಿಸಿಲು ತಡೆಯೋ ತೆಳು ಹಾಳೆ) ಹಾಕಿಸಿದ್ದು. ಹಿಂದಿನ ಬಾಗಿಲ ಗಾಜಿನ ಕೆಳ ಅಂಚಿನುದ್ದಕ್ಕೂ ರಾಗಿ ಚೆಲ್ಲಿದ ಹಾಗೆ ಚುಕ್ಕಿಗಳು. ನಟ್ಟನಡುವೆ ಅರ್ಧ ಇಂಚಿನ ಒಂದು ದಾರದ ಎಳೆ, ಅದರ ಎರಡೂ ಬದಿಗೆ ಫಿಲ್ಮ್ ಗುಡಾರದ ಹಾಗೆ ಎದ್ದು ನಿಂತಿದೆ. ಅಂಗಡಿಯವರು ಹೇಳಿ ಕಳಿಸಿದ ಮಾತು: "ಒಂದು ವಾರ ಬಿಸಿಲಲ್ಲಿ ನಿಲ್ಸಿ ಸಾರ್, ಎಲ್ಲಾ ಹೋಗುತ್ತೆ. ಬೆಂಗಳೂರು ಧೂಳು, ಏನ್ ಮಾಡೋಕಾಗುತ್ತೆ?"

ಹೋಗಲ್ಲ. ಬಿಸಿಲಿಗೆ ಹೋಗೋದು ನೀರು ಮಾತ್ರ. ಮಂಜು ಮಂಜಾಗಿ, ಮೆತ್ತಗೆ ಕಾಣುವ ಗುಳ್ಳೆಯಾದರೆ ಎರಡು ಮೂರು ವಾರದಲ್ಲಿ ಆರುತ್ತೆ, ಮಳೆಗಾಲದಲ್ಲಿ ಇನ್ನೂ ತಡ. ಬೆರಳ ತುದಿ ಮೆಲ್ಲಗೆ ಆಡಿಸಿದಾಗ ಗಟ್ಟಿಯಾಗಿ ಸಿಕ್ಕಿ, ಸುತ್ತಲೂ ಬೆಳ್ಳಗೆ ಉಂಗುರ ಕಂಡರೆ ಅದು ಕಸ. ಫಿಲ್ಮ್ ಇರೋ ತನಕ ಅಲ್ಲೇ ಇರುತ್ತೆ. ಇದು ಫಿಲ್ಮ್ ಹಾಕೋ ಪ್ರತಿಯೊಬ್ಬರಿಗೂ ಗೊತ್ತಿರೋ ವಿಷಯ. ಗೊತ್ತಿದ್ದೂ ಗಿರಾಕಿಗೆ ಹೀಗೆ ಹೇಳಿ ಕಳಿಸೋದು ನನಗೆ ಸಹಿಸೋಕಾಗಲ್ಲ.

ಆ ದಾರದ ಎಳೆ ಯಾವ ರಸ್ತೆಯಿಂದಲೂ ಬಂದಿಲ್ಲ, ಒರೆಸಿದ ಬಟ್ಟೆಯಿಂದ ಬಂದಿದೆ. ಗ್ಯಾರೇಜಲ್ಲಿ ಆಯಿಲ್ ಒರೆಸೋ ಬನಿಯನ್ ವೇಸ್ಟನ್ನೇ ಗಾಜಿಗೂ ತಂದಿದ್ದಾರೆ. ಕತ್ತರಿಸಿದ ಬನಿಯನ್ ಬಟ್ಟೆಯ ಅಂಚು ಪ್ರತಿ ಸಲ ಒರೆಸಿದಾಗಲೂ ನೂಲು ಬಿಡುತ್ತೆ. ಹೊಸ ಮೈಕ್ರೋಫೈಬರ್ ಬಟ್ಟೆಯೂ ಒಂದೆರಡು ಸಲ ಒಗೆಯೋವರೆಗೆ ಜುಂಗು ಬಿಡುತ್ತೆ. ಕೊನೆಯ ಸುತ್ತಿಗೆ ಬಟ್ಟೆಯೇ ಬೇಡ. ಗಾಜಿನ ಮೇಲೆ ಧಾರಾಳವಾಗಿ ನೀರು ಹೊಡೆದು ರಬ್ಬರ್ ಸ್ಕ್ವೀಜಿಯಲ್ಲಿ ಮೇಲಿಂದ ಕೆಳಕ್ಕೆ ಎಳೆದರೆ ಸಾಕು. ಪ್ರತಿ ಎಳೆತದ ನಂತರ ಸ್ಕ್ವೀಜಿಯ ಅಂಚನ್ನು ನಾರು ಬಿಡದ ಪೇಪರ್ ಟವೆಲ್‌ನಲ್ಲಿ ಒರೆಸಿಕೊಳ್ಳಬೇಕು.

ಇನ್ನು ಕೆಳ ಅಂಚಿನ ರಾಗಿ ಚುಕ್ಕಿ. ಅದು ಬೀಡಿಂಗಿನದು. ಗಾಜು ಇಳಿಯೋ ಜಾಗದಲ್ಲಿ ಒಳಗಡೆ ವೆಲ್ವೆಟ್‌ನಂಥ ಪಟ್ಟಿ ಇರುತ್ತಲ್ಲ, ಗಾಡಿ ಶೋರೂಮಿಂದ ಹೊರಬಿದ್ದ ದಿನದಿಂದ ಅದು ಮಣ್ಣು ಹಿಡಿದುಕೊಂಡೇ ಕೂತಿರುತ್ತೆ. ಅದಕ್ಕೆ ನೇರ ನೀರು ಹೊಡೆದರೆ ಆ ಮಣ್ಣೆಲ್ಲ ತೇಲಿ, ಫಿಲ್ಮ್ ಕೂರಿಸೋ ಹೊತ್ತಿಗೆ ಅಂಟಿನ ಬದಿಗೆ ಸೇರಿಕೊಳ್ಳುತ್ತೆ. ಗಾಡಿಯನ್ನು ಒಳಗೆ ತರೋದಕ್ಕೆ ಮುಂಚೆಯೇ ಹೊರಗಡೆ ಬೀಡಿಂಗಿಗೆ ಏರ್ ಹೊಡೆದು ಕಸ ತೆಗೆಯಬೇಕು. ಒಳಗೆ ಬಂದ ಮೇಲೆ ಏರ್ ಹೊಡೆದರೆ ಶೆಡ್ಡಿನ ತುಂಬ ಧೂಳು ಏಳುತ್ತೆ. ಆಮೇಲೆ ಆ ವೆಲ್ವೆಟ್ ಪಟ್ಟಿಯ ಮೇಲೆ ಉದ್ದಕ್ಕೂ ಮಾಸ್ಕಿಂಗ್ ಟೇಪ್ ಹಾಕಿ ಮುಚ್ಚಿಬಿಡಬೇಕು. ಐದು ನಿಮಿಷದ ಕೆಲಸ. ನೋಡಿದ ಕಾರಿನಲ್ಲಿ ಇದು ಮಾಡಿಲ್ಲ ಅನ್ನೋದು ಚುಕ್ಕಿಗಳು ನಿಂತ ಸಾಲಿನಲ್ಲೇ ಗೊತ್ತಾಗುತ್ತೆ.

ಮೇಲಿನ ಅಂಚನ್ನೂ ಮರೆಯೋ ಹಾಗಿಲ್ಲ. ಗಾಜು ಪೂರ್ತಿ ಏರಿದ್ದಾಗ ಅದರ ಮೇಲಂಚು ರಬ್ಬರಿನೊಳಗೆ ಅಡಗಿರುತ್ತೆ, ಅಲ್ಲೇ ಕಪ್ಪು ಕೊಳೆ ಜಾಸ್ತಿ. ಎರಡು ಇಂಚು ಇಳಿಸಿ, ಆ ಅಂಚನ್ನು ಒರೆಸಿಯೇ ಮುಂದಿನ ಕೆಲಸ. ಒಳ ಮೈಗೆ ಬಿಳಿ ಸ್ಕ್ರಬ್ ಪ್ಯಾಡ್, ಮೊಂಡು ಕೊಳೆಗೆ ಹೊಸ ಬ್ಲೇಡ್. ಹಿಂದಿನ ಗಾಜಿನಲ್ಲಿ ಮಂಜು ಕರಗಿಸೋ ಡಿಫಾಗರ್ ಗೆರೆಗಳ ಮೇಲೆ ಮಾತ್ರ ಬ್ಲೇಡ್ ಮುಟ್ಟಿಸಬಾರದು, ಗೆರೆ ಕಿತ್ತು ಹೋಗುತ್ತೆ.

ಲೈನರ್ ಸುಲಿಯೋ ಆ ಹತ್ತು ಸೆಕೆಂಡು ಎಲ್ಲಕ್ಕಿಂತ ಅಪಾಯದ್ದು. ಫಿಲ್ಮಿನ ಅಂಟಿನ ಮೇಲಿನ ಪಾರದರ್ಶಕ ಹಾಳೆ ಸರ್ರನೆ ಬಿಟ್ಟುಕೊಳ್ಳುವಾಗ ಸ್ಟ್ಯಾಟಿಕ್ ಹುಟ್ಟುತ್ತೆ. ಕೂದಲಿಗೆ ತಿಕ್ಕಿದ ಬಾಚಣಿಗೆ ಕಾಗದದ ಚೂರು ಎಳೆಯೋ ಹಾಗೆ, ಸುತ್ತ ಇರೋ ಜುಂಗನ್ನೆಲ್ಲ ಅಂಟು ಎಳೆದುಕೊಳ್ಳುತ್ತೆ. ಅದಕ್ಕೇ ಒಬ್ಬ ನಿಧಾನವಾಗಿ ಸುಲೀತಾ ಇದ್ರೆ ಇನ್ನೊಬ್ಬ ಹಿಂದೆಯೇ ಸ್ಪ್ರೇ ಮಾಡ್ತಾ ಹೋಗಬೇಕು. ಅದಕ್ಕೂ ಮೊದಲು ಕೈ, ಮೊಣಕೈ ಎಲ್ಲ ಒದ್ದೆ ಮಾಡಿಕೊಂಡಿರಬೇಕು. ಉಣ್ಣೆ ಸ್ವೆಟರ್ ಹಾಕಿಕೊಂಡು ಈ ಕೆಲಸಕ್ಕೆ ಕೈ ಹಾಕಲೇಬಾರದು. ಫ್ಯಾನ್ ಆಫ್, ಕಾರಿನ ಏಸಿ ಆಫ್, ನೆಲಕ್ಕೆ ನೀರು ಚಿಮುಕಿಸಿರಬೇಕು, ಬಾಗಿಲು ಪದೇ ಪದೇ ತೆಗೆದು ಹಾಕಬಾರದು.

ನೀರಿನ ವಿಷಯ. ಬೋರ್‌ವೆಲ್ ನೀರನ್ನು ಸ್ಪ್ರೇ ಕ್ಯಾನಿಗೆ ಹಾಗೇ ತುಂಬಿದರೆ ಸಣ್ಣ ಮರಳು, ಸುಣ್ಣ ಎಲ್ಲ ನಾವೇ ಗಾಜಿಗೆ ಹೊಡೆದ ಹಾಗೆ. ಆರ್‌ಓ ನೀರು, ಲೀಟರಿಗೆ ನಾಲ್ಕೈದು ಹನಿ ಬೇಬಿ ಶಾಂಪೂ, ಅಷ್ಟೇ. ಹೆಚ್ಚಾದರೆ ಅಂಟು ಹಿಡಿಯೋದು ತಡವಾಗುತ್ತೆ. ದಿನಾ ಸಂಜೆ ಸ್ಪ್ರೇ ಕ್ಯಾನ್ ಖಾಲಿ ಮಾಡಿ ತೊಳೆಯದಿದ್ದರೆ ಒಳಗೆ ಲೋಳೆ ಕಟ್ಟುತ್ತೆ, ಮಾರನೆ ದಿನ ಅದೇ ಫಿಲ್ಮಿನ ಕೆಳಗೆ ಹೋಗುತ್ತೆ.

ಹಿಂದಿನ ದೊಡ್ಡ ಗಾಜಿಗೆ ಫಿಲ್ಮನ್ನು ಹೊರಗಿಂದ ಇಟ್ಟು ಬಿಸಿ ಗಾಳಿ ಊದೋ ಹೀಟ್ ಗನ್‌ನಲ್ಲಿ ಗಾಜಿನ ಉಬ್ಬಿಗೆ ತಕ್ಕ ಹಾಗೆ ಬಗ್ಗಿಸುವಾಗ ಕೆಲವರು ಟಾಲ್ಕಂ ಪೌಡರ್ ಹಾಕ್ತಾರೆ. ತಪ್ಪಲ್ಲ. ಆದರೆ ಫಿಲ್ಮನ್ನು ಒಳಗೆ ಒಯ್ಯೋ ಮುಂಚೆ ಎರಡೂ ಬದಿ, ಮುಖ್ಯವಾಗಿ ಅಂಚುಗಳನ್ನು ತೊಳೆಯಬೇಕು. ಇಲ್ಲದಿದ್ದರೆ ಅಂಚಿನುದ್ದಕ್ಕೂ ಬೂದಿ ಬೂದಿ. (ಗಾಜಿನ ಅಂಚಿನ ಕಪ್ಪು ಚುಕ್ಕಿ ಪಟ್ಟಿಯ ಮೇಲೆ ಫಿಲ್ಮ್ ಪೂರ್ತಿ ಕೂರದೆ ಬೆಳ್ಳಗೆ ಕಾಣೋದು ಬೇರೆ, ಅದು ಕಸವಲ್ಲ, ಅದಕ್ಕೆ ಅಂಗಡಿಯವರನ್ನು ಬೈಯಬೇಡಿ.)

ಕಾನೂನಿನ ಮಾತು ಇಲ್ಲಿ ಬೇಡ. ಅದಕ್ಕೆ ಇನ್ನೊಂದು ಪೋಸ್ಟೇ ಬೇಕು.

"ಶೆಡ್ಡಿನಲ್ಲಿ ಮಾಡೋ ಕೆಲಸ, ಆಪರೇಷನ್ ಥಿಯೇಟರ್ ಅಲ್ಲ, ಒಂದೂ ಚುಕ್ಕಿ ಬೀಳದ ಹಾಗೆ ಮಾಡೋಕಾಗಲ್ಲ" ಅಂತಾರೆ ಅಂಗಡಿಯವರು. ನಿಜ, ಒಪ್ಪುತ್ತೇನೆ. ಅಂಚಿನಲ್ಲಿ, ಸಾಸಿವೆಗಿಂತ ಸಣ್ಣದು ಒಂದೆರಡು ಉಳಿದರೆ ಯಾರೂ ಜಗಳ ಮಾಡಬಾರದು. ಆದರೆ ಕಣ್ಣಿನ ಮಟ್ಟದಲ್ಲಿ, ಗಾಜಿನ ನಡುವೆ ದಾರ ಬಿಟ್ಟು ತಪ್ಪನ್ನು ಧೂಳಿನ ಮೇಲೆ ಹಾಕೋದು ಆ ಮಾತಿಗೆ ಸೇರಲ್ಲ. ಅದನ್ನು ಅಂಟಿಸಿದ ಕೂಡಲೇ ತೆಗೆಯಬಹುದಿತ್ತು. ಹತ್ತಿರದ ಮೂಲೆಯಿಂದ ಫಿಲ್ಮ್ ಎತ್ತಿ, ಒಳಗೆ ಸ್ಪ್ರೇ ಹೊಡೆದು, ಎಳೆಯನ್ನು ಬ್ಲೇಡಿನ ತುದಿಯಲ್ಲಿ ಮೀಟಿ ತೆಗೆದು, ಮತ್ತೆ ನೀರು ಹೊರಗೆ ಎಳೆದಿದ್ದರೆ ಮುಗಿಯುತ್ತಿತ್ತು. ಎರಡು ನಿಮಿಷ. ಇಡೀ ಕಾರನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸೋ ಅಂಗಡಿಯಲ್ಲಿ ಆ ಎರಡು ನಿಮಿಷ ಇರಲ್ಲ. ನಾಲ್ಕು ಬಾಗಿಲು, ಹಿಂದಿನ ಗಾಜು ಸೇರಿ ಸರಿಯಾಗಿ ಮಾಡಿದರೆ ಮೂರು ಗಂಟೆಯಾದರೂ ಬೇಕು.

ಅಂಟು ಬಿಗಿದ ಮೇಲೆ ಎತ್ತಿದರೆ ಆ ಜಾಗದಲ್ಲಿ ಕಲೆ ಉಳಿಯುತ್ತೆ. ಹಾಗಾಗಿ ಆ ಬಾಗಿಲಿಗೆ ಈಗ ಉಳಿದಿರೋದು ಒಂದೇ ದಾರಿ: ಫಿಲ್ಮ್ ಪೂರ್ತಿ ಕಿತ್ತು, ಉಳಿದ ಅಂಟನ್ನು ಸೋಪು ನೀರಿನಲ್ಲಿ ನೆನೆಸಿ ಬ್ಲೇಡಲ್ಲಿ ಕೆರೆದು, ಬೀಡಿಂಗಿಗೆ ಟೇಪ್ ಹಾಕಿ, ಹೊಸ ಫಿಲ್ಮ್ ಹಾಕೋದು. ಅದರ ದುಡ್ಡು ಅಂಗಡಿಯವರೇ ಹಾಕಿಕೊಳ್ಳಬೇಕು.