ಸ್ಪಷ್ಟನೆ: ತಾಯಿಯಾದ ಮೇಲೆ ಗೆದ್ದವರು ಕ್ಲೈಸ್ಟರ್ಸ್‌ಗಿಂತ ಮೊದಲೇ ಇದ್ದರು

‘ಮಗುವಾದ ಮೇಲೆ ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಗೆದ್ದ ಮೊದಲ ಆಟಗಾರ್ತಿ ಕಿಮ್ ಕ್ಲೈಸ್ಟರ್ಸ್, 2009ರಲ್ಲಿ’ ಅನ್ನೋ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ (ಗ್ರ್ಯಾಂಡ್ ಸ್ಲಾಮ್ ಅಂದರೆ ಟೆನಿಸ್‌ನ ನಾಲ್ಕು ಅತಿ ದೊಡ್ಡ ಟೂರ್ನಿಗಳು). ಇದು ತಪ್ಪು. ಕ್ಲೈಸ್ಟರ್ಸ್ ಆ ವರ್ಷ ಅಮೆರಿಕನ್ ಓಪನ್ ಗೆದ್ದಿದ್ದು ನಿಜ, ಮೊದಲಿಗರು ಅನ್ನೋದು ಮಾತ್ರ ಸುಳ್ಳು.

ಮಾರ್ಗರೆಟ್ ಕೋರ್ಟ್ 1973ರಲ್ಲೇ ಗೆದ್ದಿದ್ದರು. ಆದರೆ ನನಗೆ ಜಾಸ್ತಿ ಬೇಸರವಾಗಿದ್ದು ಇವೊನ್ ಗೂಲಗಾಂಗ್ ಅವರನ್ನು ಮರೆತಿದ್ದಕ್ಕೆ. ಆಸ್ಟ್ರೇಲಿಯಾದ ಮೂಲನಿವಾಸಿ ವಿರಾಡ್ಜುರಿ ಸಮುದಾಯದವರು. ಅಪ್ಪ ಕುರಿಯ ಉಣ್ಣೆ ಕತ್ತರಿಸುತ್ತಿದ್ದರು, ಮನೆ ತುಂಬ ಎಂಟು ಮಕ್ಕಳು. ಬ್ಯಾರೆಲನ್ ಅನ್ನೋ ಪುಟ್ಟ ಊರಲ್ಲಿ ಈ ಹುಡುಗಿ ಹಣ್ಣಿನ ಪೆಟ್ಟಿಗೆಯ ಹಲಗೆಯನ್ನೇ ರಾಕೆಟ್ ಮಾಡಿಕೊಂಡು ಗೋಡೆಗೆ ಚೆಂಡು ಹೊಡೆಯುತ್ತಿದ್ದಳು.

1977ರ ಮೇನಲ್ಲಿ ಮಗಳು ಹುಟ್ಟಿದಳು. ಅದೇ ಡಿಸೆಂಬರ್‌ನಲ್ಲಿ ಇವೊನ್ ಆಸ್ಟ್ರೇಲಿಯನ್ ಓಪನ್ ಗೆದ್ದರು! 1980ರಲ್ಲಿ ಕ್ರಿಸ್ ಎವರ್ಟ್ ಅವರನ್ನು 6-1, 7-6ರಿಂದ ಸೋಲಿಸಿ ವಿಂಬಲ್ಡನ್ನೂ ಅವರದಾಯಿತು. ಅಲ್ಲಿ ಅದಕ್ಕೂ ಹಿಂದೆ ತಾಯಿಯೊಬ್ಬರು ಸಿಂಗಲ್ಸ್ ಗೆದ್ದಿದ್ದು 1914ರಲ್ಲಿ, ಡೊರೊತಿಯಾ ಲ್ಯಾಂಬರ್ಟ್ ಚೇಂಬರ್ಸ್. ಕ್ಲೈಸ್ಟರ್ಸ್ ಮೂರು ಗ್ರ್ಯಾಂಡ್ ಸ್ಲಾಮ್‌ಗಳನ್ನು ತಾಯಿಯಾಗಿ ಗೆದ್ದರೂ ವಿಂಬಲ್ಡನ್ ಮಾತ್ರ ಸಿಗಲೇ ಇಲ್ಲ. ಸಂದೇಶ ಬರೆದವರು ಸುಮ್ನೆ ಒಮ್ಮೆ ಹಳೇ ಪಟ್ಟಿ ನೋಡಿದ್ದರೂ ಸಾಕಿತ್ತು, ಅಲ್ವಾ?