ನೀಲಿ ಮಾತ್ರ ಯಾಕೆ ಉದುರುತ್ತದೆ?
ಹಳೆಯ ಗೋಡೆಚಿತ್ರಗಳಲ್ಲಿ ಹಸಿ ಗಾರೆಯ ಮೇಲೆ ಬರೆದ ಬಣ್ಣ ಉದುರುವುದೇ ಇಲ್ಲ ಎಂಬ ಮಾತಿದೆ. ಅರ್ಧ ಮಾತ್ರ ನಿಜ. ಕಾವಿ, ಹಳದಿ ಮಣ್ಣಿನ ಬಣ್ಣಗಳನ್ನು ಸುಣ್ಣ ಹಿಡಿದಿಡುತ್ತದೆ. ಆದರೆ ತಾಮ್ರದ ಖನಿಜವಾದ ಆಜುರೈಟ್‌ನ ನೀಲಿಯನ್ನು ಸಾಮಾನ್ಯವಾಗಿ ಗಾರೆ ಒಣಗಿದ ಮೇಲೆ ಅಂಟು ಬೆರೆಸಿ ಹಚ್ಚುತ್ತಿದ್ದರು. ಅಂಟು ಸತ್ತರೆ ನೀಲಿ ಹೋಗಿ ಅದರಡಿ ಹಚ್ಚಿದ ಗಾಢ ಬಣ್ಣ, ಹಲವೆಡೆ ಕಪ್ಪು, ಉಳಿಯುತ್ತದೆ. ಇಟಲಿಯ ರೆಂಡೇನಾ ಕಣಿವೆಯ ಪಿಂಜೋಲೋದಲ್ಲಿ ಸಿಮೋನೆ ಬಾಸ್ಕೇನಿಸ್ 1539ರಲ್ಲಿ ಬರೆದ ಮರಣನೃತ್ಯ, ಅಂದರೆ ಅಸ್ಥಿಪಂಜರಗಳು ಎಲ್ಲ ದರ್ಜೆಯ ಜನರನ್ನು ಸಾವಿನತ್ತ ಕರೆದೊಯ್ಯುವ ಚಿತ್ರ, ಚರ್ಚಿನ ಹೊರಗೋಡೆಯಲ್ಲಿದೆ. ಅಂಥ ಗೋಡೆಗೆ ಸೂರೇ ಮೊದಲ ರಕ್ಷಣೆ. ಆದರೆ ನೆಲದಿಂದ ಏರುವ ತೇವವನ್ನು ಸೂರು ತಡೆಯದು. ಅದು ತರುವ ಲವಣ ಹರಳುಗಟ್ಟಿ ಬಣ್ಣದ ಪದರವನ್ನು ಒಳಗಿನಿಂದ ಒಡೆಯುತ್ತದೆ. ಬುಡಕ್ಕೆ ಸಿಮೆಂಟ್ ಮೆತ್ತುವುದಂತೂ ಶುದ್ಧ ಅವಿವೇಕ: ಅಲ್ಲಿ ಆರಲಾಗದ ನೀರು ಇನ್ನೂ ಮೇಲೇರಿ ಚಿತ್ರದ ಮೂಲಕವೇ ಆರುತ್ತದೆ. ತೇಪೆಗೆ ಸುಣ್ಣದ ಗಾರೆಯೇ ಸರಿ, ಸುಮಾರು ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು.